ಅದೇ ನಾಲ್ವರು: ಸಾಂಡ್ರಾ ಶ್ಮರ್ಲರ್ ಪ್ರಕರಣ, ಮುಂಬಯಿ–ಪುಣೆಯ ಆಟಗಾರ್ತಿಯರಿಗಾಗಿ

1997ರ ನವೆಂಬರ್ ಕೊನೆ. ಕೆನಡಾದ ಮ್ಯಾನಿಟೋಬಾ ಪ್ರಾಂತದ ಬ್ರಾಂಡನ್ ಊರಿನಲ್ಲಿ ಒಲಿಂಪಿಕ್ ಆಯ್ಕೆಯ ಮಹಿಳಾ ಕರ್ಲಿಂಗ್ ಫೈನಲ್. ಮಂಜುಗಡ್ಡೆಯ ಮೇಲೆ ಭಾರದ ಕಲ್ಲು ಜಾರಿಸಿ ಗುರಿ ಸೇರಿಸುವ ಆಟ ಅದು. ಗೆದ್ದ ತಂಡ ಜಪಾನಿನ ನಾಗಾನೊಗೆ ಹೋಗುತ್ತದೆ, ಸೋತದ್ದು ಮನೆಗೆ. ಏಳನೇ ಎಂಡ್‌ನ, ಅಂದರೆ ಆಟದ ಏಳನೇ ಸರದಿಯ, ಕೊನೆಯ ಕಲ್ಲು ಒಂದು ತಂಡದ ನಾಯಕಿ ಸಾಂಡ್ರಾ ಶ್ಮರ್ಲರ್ ಕೈಯಲ್ಲಿದೆ. ಎದುರಾಳಿ ಶಾನನ್ ಕ್ಲೈಬ್ರಿಂಕ್ ಅವರ ಕಲ್ಲು ಗುರಿಯ ನಡುವೆ ಕೂತಿದೆ. ಶ್ಮರ್ಲರ್ ಅದರತ್ತ ನೇರವಾಗಿ ಬಿಡಲಿಲ್ಲ. ಬದಿಯಲ್ಲಿದ್ದ ಇನ್ನೊಂದು ಕಲ್ಲಿಗೆ ತಮ್ಮ ಕಲ್ಲನ್ನು ತಾಗಿಸಿದರು. ಅದು ಅಲ್ಲಿಂದ ಒಳಕ್ಕೆ ತಿರುಗಿ ಕ್ಲೈಬ್ರಿಂಕ್ ಕಲ್ಲನ್ನು ಆಚೆ ತಳ್ಳಿ ಒಳಗೇ ಉಳಿಯಿತು. ಮೂರು ಅಂಕ. ಆಟ ಅಲ್ಲಿಂದ ಶ್ಮರ್ಲರ್ ಕಡೆಗೆ ವಾಲಿತು.

ಕೇರಂ ಆಡಿ ಬೆಳೆದ ಮುಂಬಯಿ ಕನ್ನಡಿಗರಿಗೆ ಈ ಹೊಡೆತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೊಂಬಿವಲಿಯ ಚಾಳಿನಲ್ಲೋ ಗೋರೆಗಾಂವ್‌ನ ಸೊಸೈಟಿ ಕೋಣೆಯಲ್ಲೋ ಬೋರಿಕ್ ಪೌಡರ್ ಎರಚಿ, ಒಂದು ಕಾಯಿಗೆ ಕಟ್ ಕೊಟ್ಟು ಸ್ಟ್ರೈಕರನ್ನು ಇನ್ನೊಂದರ ಮೇಲೆ ಕಳಿಸಿದವರಿಗೆ ಅದರ ಜಾತಿ ಗೊತ್ತು. ವ್ಯತ್ಯಾಸ ಅಳತೆಯಲ್ಲಿದೆ. ಕೇರಂ ಹಲಗೆ 74 ಸೆಂಟಿಮೀಟರ್ ಚದರ, ಸ್ಟ್ರೈಕರ್ ಹೆಚ್ಚೆಂದರೆ 15 ಗ್ರಾಂ. ಇಲ್ಲಿ ಕಲ್ಲು ಇಪ್ಪತ್ತು ಕಿಲೋಗೆ ಕೂದಲೆಳೆ ಕಡಿಮೆ, ಗುರಿ ಇಪ್ಪತ್ತೆಂಟು ಮೀಟರ್ ಆಚೆ.

ಆ ಹೊಡೆತವನ್ನು ಪವಾಡವೆಂದು ನೆನೆಯುವುದೇ ರೂಢಿ. ನಮಗೆ ಹಾಗೆ ಕಾಣುವುದಿಲ್ಲ. ಬಿಟ್ಟ ಕೈ ಒಬ್ಬರದು, ಆದರೆ ಅದರ ಹಿಂದೆ ಏಳು ವರ್ಷ ಸ್ಥಾನ ಬದಲಿಸದೆ ಜೊತೆಗೆ ಆಡಿದ ನಾಲ್ವರಿದ್ದರು. ಮುಂಬಯಿ, ಪುಣೆಗಳಲ್ಲಿ ನೌಕರಿ ಮಾಡುತ್ತ ತಂಡದ ಆಟ ಆಡುವ ಹೆಣ್ಣುಮಕ್ಕಳಿಗೆ ಈ ಪ್ರಕರಣದಲ್ಲಿ ಕೆಲಸಕ್ಕೆ ಬರುವುದು ಆ ಏಳು ವರ್ಷಗಳ ಏರ್ಪಾಡು.

ಆಟದ ಅಂಗಳ

ಕರ್ಲಿಂಗ್ ಅಂಗಳಕ್ಕೆ ಶೀಟ್ ಎನ್ನುತ್ತಾರೆ. ಉದ್ದ ಸುಮಾರು 45.7 ಮೀಟರ್, ಅಗಲ ಹೆಚ್ಚೆಂದರೆ 5 ಮೀಟರ್. ಎರಡೂ ತುದಿಯಲ್ಲಿ ಮಂಜುಗಡ್ಡೆಯೊಳಗೆ ಬಣ್ಣದ ವೃತ್ತಗಳು. ಇದೇ ‘ಹೌಸ್’, ವ್ಯಾಸ 3.66 ಮೀಟರ್. ನಟ್ಟನಡುವಿನ ಪುಟ್ಟ ವೃತ್ತ ‘ಬಟನ್’. ಬಟನ್‌ನಿಂದ 6.4 ಮೀಟರ್ ಮುಂದೆ ಹಾಗ್ ಲೈನ್. ಆಟಗಾರ್ತಿ ಈ ತುದಿಯ ಹಾಗ್ ಲೈನ್ ಮುಟ್ಟುವ ಮೊದಲೇ ಕಲ್ಲನ್ನು ಕೈಬಿಡಬೇಕು, ಕಲ್ಲು ಆ ತುದಿಯ ಹಾಗ್ ಲೈನ್ ದಾಟಲೇಬೇಕು. ದಾಟದಿದ್ದರೆ ಎತ್ತಿ ಪಕ್ಕಕ್ಕಿಡುತ್ತಾರೆ.

ಒಂದು ತಂಡದಲ್ಲಿ ನಾಲ್ವರು: ಲೀಡ್, ಸೆಕೆಂಡ್, ಥರ್ಡ್, ಸ್ಕಿಪ್. ಸ್ಕಿಪ್ ಎಂದರೆ ನಾಯಕಿ. ಈ ಕ್ರಮದಲ್ಲೇ ತಲಾ ಎರಡು ಕಲ್ಲು, ಎರಡೂ ತಂಡ ಸೇರಿ ಹದಿನಾರು. ಅಷ್ಟಾದರೆ ಒಂದು ಎಂಡ್. ಬಟನ್‌ಗೆ ಹತ್ತಿರವಿರುವ ತಂಡಕ್ಕೆ ಮಾತ್ರ ಅಂಕ. ಎದುರಾಳಿಯ ಅತ್ಯಂತ ಹತ್ತಿರದ ಕಲ್ಲಿಗಿಂತ ಒಳಗೆ ಎಷ್ಟು ಕಲ್ಲಿವೆಯೋ ಅಷ್ಟು. ಚಾಂಪಿಯನ್‌ಷಿಪ್ ಆಟಕ್ಕೆ ಹತ್ತು ಎಂಡ್.

ಕೊನೆಯ ಕಲ್ಲಿನ ಹಕ್ಕಿಗೆ ‘ಹ್ಯಾಮರ್’ ಎಂದು ಹೆಸರು. ಅಂಕ ಪಡೆದವರು ಮುಂದಿನ ಎಂಡ್‌ನಲ್ಲಿ ಹ್ಯಾಮರ್ ಬಿಟ್ಟುಕೊಡಬೇಕು. ಯಾರೂ ಅಂಕ ಪಡೆಯದಿದ್ದರೆ ಇದ್ದವರ ಬಳಿಯೇ ಉಳಿಯುತ್ತದೆ. ಹಾಗಾಗಿ ಹ್ಯಾಮರ್ ಇಟ್ಟುಕೊಂಡು ಒಂದೇ ಅಂಕಕ್ಕೆ ತೃಪ್ತಿಪಡುವುದು ನಷ್ಟ. ಎರಡು ಬರಬೇಕು, ಇಲ್ಲವೇ ಎಂಡ್ ಖಾಲಿ ಬಿಡಬೇಕು. ಹ್ಯಾಮರ್‌ನಿಂದ ಮೂರು ಬಂದರೆ ಎದುರಾಳಿಯ ಲೆಕ್ಕವೇ ಕೆಟ್ಟುಹೋಗುತ್ತದೆ. ಬ್ರಾಂಡನ್‌ನಲ್ಲಿ ಆದದ್ದು ಅದೇ.

ಮಂಜುಗಡ್ಡೆ ಗಾಜಿನಂತೆ ನಯವಾಗಿರುತ್ತದೆ ಎಂದು ಟಿವಿಯಲ್ಲಿ ನೋಡಿದವರು ಅಂದುಕೊಳ್ಳುತ್ತಾರೆ. ನಯವಾಗಿದ್ದರೆ ಕಲ್ಲು ಅರ್ಧ ದಾರಿಯಲ್ಲೇ ಅಂಟಿಕೊಂಡು ನಿಂತುಬಿಡುತ್ತದೆ. ಆಟಕ್ಕೆ ಮೊದಲು ಮೇಲುಸ್ತುವಾರಿಯವರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಲವಣ ತೆಗೆದ ಬೆಚ್ಚನೆಯ ನೀರನ್ನು ಸಣ್ಣ ತೂತುಗಳ ತಲೆಯಿಂದ ಬೀಸುತ್ತ ಹಿಂದೆ ಹಿಂದೆ ನಡೆಯುತ್ತಾರೆ. ಸುಮಾರು −5 ಡಿಗ್ರಿಯ ಮಂಜಿನ ಮೇಲೆ ಬಿದ್ದ ಹನಿ ಅಲ್ಲೇ ಗಟ್ಟಿಯಾಗಿ, ಕಾದ ಹೆಂಚಿನ ಮೇಲೆ ಚಿಮುಕಿಸಿದ ನೀರಿನ ಹನಿಯಷ್ಟೇ ಗಾತ್ರದ ಗುಳ್ಳೆಯಾಗುತ್ತದೆ. ಇದಕ್ಕೆ ‘ಪೆಬಲ್’ ಎನ್ನುತ್ತಾರೆ. ಬಳಿಕ ಅಗಲದ ಅಲಗಿನಿಂದ ಗುಳ್ಳೆಗಳ ನೆತ್ತಿ ಸವರಿ ಒಂದೇ ಮಟ್ಟಕ್ಕೆ ತರುತ್ತಾರೆ. ಕಲ್ಲಿನ ತಳ ತಟ್ಟೆಯಂತೆ ಒಳಗೆ ತಗ್ಗಾಗಿರುತ್ತದೆ. ನೆಲಕ್ಕೆ ತಾಗುವುದು ಕೆಲವೇ ಮಿಲಿಮೀಟರ್ ಅಗಲದ ಒಂದು ಬಳೆ ಮಾತ್ರ. ಆ ಬಳೆ ಈ ಗುಳ್ಳೆಗಳ ನೆತ್ತಿಯ ಮೇಲೆ ಸಾಗುತ್ತದೆ.

ಆಟ ನಡೆದಂತೆ ಗುಳ್ಳೆ ಸವೆಯುತ್ತದೆ. ಎಂಟನೇ ಎಂಡ್‌ನ ದಾರಿ ಎರಡನೇ ಎಂಡ್‌ನ ದಾರಿಯಲ್ಲ. ಎಲ್ಲರೂ ಬಿಟ್ಟ ನಡುದಾರಿಯಲ್ಲಿ ಕಲ್ಲು ಒಂದು ಬಗೆ, ಯಾರೂ ಬಿಡದ ಅಂಚಿನಲ್ಲಿ ಇನ್ನೊಂದು ಬಗೆ. ಏಳನೇ ಎಂಡ್‌ನಲ್ಲಿ ಬದಿಯ ಕಲ್ಲನ್ನು ಆರಿಸುವ ಸ್ಕಿಪ್‌ಗೆ ಆ ಅಂಚು ಹೇಗೆ ವರ್ತಿಸುತ್ತದೆಂದು ಮೊದಲೇ ತಿಳಿದಿರಬೇಕು. ಅದನ್ನು ತಿಳಿಸುವುದು ಆವರೆಗೆ ಬಿಟ್ಟ ಕಲ್ಲುಗಳೇ, ತನ್ನವೂ ಎದುರಾಳಿಯವೂ.

ಇನ್ನೊಂದು ಸಂಗತಿ ಕೇರಂ ಆಡುವವರ ಕಣ್ಣಿಗೆ ಬೀಳಲೇಬೇಕು. ಸ್ಟ್ರೈಕರನ್ನು ಬಲಸುತ್ತು (ಗಡಿಯಾರದ ಮುಳ್ಳಿನ ದಿಕ್ಕಿನ ತಿರುಗು) ಕೊಟ್ಟು ಜಾರಿಸಿದರೆ ಅದು ಎಡಕ್ಕೆ ವಾಲುತ್ತದೆ. ಮೇಜಿನ ಮೇಲೆ ಬೋರಲು ಹಾಕಿದ ಲೋಟ ಜಾರಿಸಿದರೂ ಅದೇ. ಕರ್ಲಿಂಗ್ ಕಲ್ಲು ಮಾತ್ರ ಬಲಸುತ್ತಿಗೆ ಬಲಕ್ಕೇ ವಾಲುತ್ತದೆ. ಕಾರಣವೇನೆಂದು ಭೌತವಿಜ್ಞಾನಿಗಳು ಈಗಲೂ ವಾದ ಮಾಡುತ್ತಿದ್ದಾರೆ. ಸುತ್ತು ಹೆಚ್ಚಾದರೆ ವಾಲಾಟ ಹೆಚ್ಚುತ್ತದೆ ಎಂಬುದೂ ತಪ್ಪು. ಇಡೀ ದಾರಿಗೆ ಮೂರು ಸುತ್ತಿನ ಆಸುಪಾಸು ಸಾಕು. ಸುತ್ತು ತೀರ ಕಡಿಮೆಯಾದರೆ ಕಲ್ಲು ನಡುವೆ ಸುತ್ತು ಕಳೆದುಕೊಂಡು ಎತ್ತಲೋ ಹೋಗುತ್ತದೆ, ತೀರ ಹೆಚ್ಚಾದರೆ ನೆಟ್ಟಗೆ ಓಡುತ್ತದೆ.

ಮಣಿಕಟ್ಟಿನ ಲೆಕ್ಕ

ಒಂದು ಕಲ್ಲಿಗೆ ತಾಗಿಸಿ ಒಳಗೆ ಹೊರಳಿಸುವುದು ಎಷ್ಟು ಸೂಕ್ಷ್ಮವೆಂದು ಅಂಕಿಗಳಲ್ಲಿ ನೋಡಿದರೆ ತಂಡದ ಮಾತು ತಾನಾಗಿ ಬರುತ್ತದೆ. ಕೆಳಗಿನದು ಬ್ರಾಂಡನ್ ಹೊಡೆತದ ಅಳತೆಯಲ್ಲ, ಆ ಬಗೆಯ ಯಾವುದೇ ಹೊಡೆತದ ಲೆಕ್ಕ.

ಕಲ್ಲಿನ ಸುತ್ತಳತೆ 91.4 ಸೆಂಟಿಮೀಟರ್, ಅಂದರೆ ವ್ಯಾಸ ಸುಮಾರು 29. ಬಂದ ಕಲ್ಲು ನಿಂತ ಕಲ್ಲಿನ ಅರ್ಧ ಭಾಗಕ್ಕೆ ತಾಗಿತು ಎನ್ನೋಣ. ತೂಕ ಸಮ, ಗ್ರಾನೈಟ್‌ಗೆ ಗ್ರಾನೈಟ್ ಬಡಿದರೆ ಶಕ್ತಿ ಹೆಚ್ಚು ಸೋರುವುದಿಲ್ಲ. ಆಗ ನಿಂತ ಕಲ್ಲು 30 ಡಿಗ್ರಿ ಓರೆಯಲ್ಲಿ ಹೊರಟರೆ ಬಂದ ಕಲ್ಲು ಇನ್ನೊಂದು ಬದಿಗೆ 60 ಡಿಗ್ರಿ ತಿರುಗುತ್ತದೆ. ಅದೇ ಕಲ್ಲು 3 ಸೆಂಟಿಮೀಟರ್ ತೆಳುವಾಗಿ ತಾಗಿದರೆ ತಿರುವು 53 ಡಿಗ್ರಿಗೆ ಇಳಿಯುತ್ತದೆ. ಏಳು ಡಿಗ್ರಿ ಎಂದರೆ ಒಂದೂವರೆ ಮೀಟರ್ ಹೋಗುವಷ್ಟರಲ್ಲಿ 18 ಸೆಂಟಿಮೀಟರ್‌ಗೂ ಹೆಚ್ಚು. ಕಲ್ಲಿನ ಅಗಲದ ಮೂರರಲ್ಲಿ ಎರಡು ಪಾಲು. ನಡುವಿನ ಕಲ್ಲಿಗೆ ಗುದ್ದಬೇಕಾದದ್ದು ಅದನ್ನು ಸವರಿಕೊಂಡು ಹೋಗುತ್ತದೆ. ಅಂದರೆ ಇಪ್ಪತ್ತೆಂಟು ಮೀಟರ್ ದೂರದಿಂದ ಬಿಟ್ಟ ಕಲ್ಲು ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು ತಪ್ಪುವಂತಿಲ್ಲ.

ದಿಕ್ಕು ಸರಿಯಾದರೂ ವೇಗ ಉಳಿದಿರಬೇಕು. ಅರ್ಧ ಭಾಗಕ್ಕೆ ತಾಗಿದಾಗ ಬಂದ ಕಲ್ಲಿಗೆ ಉಳಿಯುವುದು ಅರ್ಧ ವೇಗ. ಜಾರುವ ದೂರ ವೇಗದ ವರ್ಗದ ಲೆಕ್ಕದಲ್ಲಿರುವುದರಿಂದ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ತಾಗಿದ ಮೇಲೆ ಒಂದೂವರೆ ಮೀಟರ್ ಹೋಗಬೇಕಿದ್ದರೆ, ತಾಗದೇ ಇದ್ದಿದ್ದರೆ ಇನ್ನೂ ಆರು ಮೀಟರ್ ಹೋಗುವಷ್ಟು ವೇಗ ಬೇಕು. ಅಲ್ಲಿಗೆ ಹೋಗಿ ಮತ್ತೊಂದು ಕಲ್ಲನ್ನು ಹೌಸ್‌ನಿಂದ ಹೊರಹಾಕಬೇಕಾದರೆ ಅದಕ್ಕಿಂತಲೂ ಹೆಚ್ಚು. ವೇಗ ಹೆಚ್ಚಿದಷ್ಟೂ ಕಲ್ಲು ವಾಲುವುದು ಕಡಿಮೆ, ಆದ್ದರಿಂದ ಸ್ಕಿಪ್‌ಗೆ ಗುರಿ ತೋರಿಸುವ ಪೊರಕೆಯ ಜಾಗವೂ ಬದಲಾಗಬೇಕು. ವೇಗ ಒಂದು, ಪೊರಕೆ ಇನ್ನೊಂದು ಲೆಕ್ಕದಲ್ಲಿದ್ದರೆ ಕೈ ಎಷ್ಟೇ ಶುದ್ಧವಾಗಿದ್ದರೂ ಹೊಡೆತ ತಪ್ಪುತ್ತದೆ.

ಇಲ್ಲಿ ನಾಲ್ವರ ಕೆಲಸ ಹಂಚಿಹೋಗುತ್ತದೆ. ಸ್ಕಿಪ್ ಕಲ್ಲು ಬಿಡುವಾಗ ಆಚೆ ತುದಿಯಲ್ಲಿ ಪೊರಕೆ ಹಿಡಿದು ನಿಲ್ಲುವವರು ಥರ್ಡ್. ಕಲ್ಲು ಯಾವ ಗೆರೆಯಲ್ಲಿ ಬರುತ್ತಿದೆ ಎಂದು ಕಾಣುವುದು ಅವರಿಗೆ ಮಾತ್ರ. ಕಲ್ಲಿನ ಪಕ್ಕದಲ್ಲೇ ಓಡುವ ಲೀಡ್ ಮತ್ತು ಸೆಕೆಂಡ್‌ಗೆ ಗೆರೆ ಕಾಣದು, ವೇಗ ಗೊತ್ತಾಗುತ್ತದೆ. ಅವರು ಗುಡಿಸಿದರೆ ಮಂಜಿನ ಮೇಲ್ಮೈ ಕ್ಷಣಕಾಲ ಬೆಚ್ಚಗಾಗಿ ಕಲ್ಲು ಇನ್ನೂ ಎರಡು ಮೂರು ಮೀಟರ್ ಹೆಚ್ಚು ಹೋಗುತ್ತದೆ, ವಾಲುವುದೂ ಕಡಿಮೆಯಾಗುತ್ತದೆ. ಒಂದೇ ಗುಡಿಸುವಿಕೆ ಎರಡನ್ನೂ ಬದಲಿಸುತ್ತದೆ ಎಂಬಲ್ಲಿಯೇ ಪೇಚು. ವೇಗ ಸಾಲದು ಎಂದು ಗುಡಿಸಿದರೆ ಗೆರೆ ನೆಟ್ಟಗಾಗಿಬಿಡಬಹುದು. ಗೆರೆ ಉಳಿಸಲು ಗುಡಿಸಿದರೆ ವೇಗ ಮಿತಿ ಮೀರಬಹುದು. ನಿರ್ಧಾರಕ್ಕೆ ಸಿಗುವುದು ಹತ್ತು ಹದಿನೈದು ಸೆಕೆಂಡು. ಹೆಚ್ಚಿನ ತಂಡಗಳು ಪಾಲಿಸುವ ಕಟ್ಟು ಹೀಗಿದೆ: ವೇಗ ಗುಡಿಸುವವರದು, ಗೆರೆ ಪೊರಕೆ ಹಿಡಿದವರದು. ಇಬ್ಬರೂ ಇನ್ನೊಬ್ಬರ ಕೆಲಸಕ್ಕೆ ಬಾಯಿ ಹಾಕುವುದಿಲ್ಲ.

ವೇಗವನ್ನು ‘ಜೋರು’, ‘ಮೆಲ್ಲಗೆ’ ಎಂದು ಕೂಗಿದರೆ ಯಾರಿಗೂ ಅರ್ಥವಾಗದು. ಅಂಗಳವನ್ನು ಒಂದರಿಂದ ಹತ್ತರವರೆಗೆ ವಲಯ ಮಾಡಿ ಅಂಕಿ ಕೂಗುವುದು ಸಾಮಾನ್ಯ ಪದ್ಧತಿ. ಮೊದಲ ಮೂರು ಹೌಸ್‌ನ ಮುಂದಿನ ಗಾರ್ಡ್ (ದಾರಿಗೆ ಅಡ್ಡವಾಗಿ ನಿಲ್ಲಿಸುವ ಕಾವಲು ಕಲ್ಲು) ಜಾಗಗಳು, ನಾಲ್ಕು ಹೊರವೃತ್ತದ ಮುಂಭಾಗ, ಏಳು ಬಟನ್, ಹತ್ತು ಹೌಸ್‌ನ ಹಿಂಬದಿ. ‘ಆರು!’ ಎಂದು ಲೀಡ್ ಕೂಗಿದರೆ ಗುಡಿಸದೆ ಬಿಟ್ಟಲ್ಲಿ ಕಲ್ಲು ಎಲ್ಲಿ ನಿಲ್ಲುತ್ತದೆಂದು ನಾಲ್ವರಿಗೂ ಒಂದೇ ಚಿತ್ರ ಮೂಡಬೇಕು. ಸ್ಟಾಪ್‌ವಾಚ್ ಅದಕ್ಕೆ ಆಧಾರ. ಕಲ್ಲು ಬಿಡುವ ತುದಿಯಲ್ಲಿ ಹೌಸ್‌ನ ಹಿಂದಿನ ಗೆರೆಯಿಂದ ಹಾಗ್ ಲೈನ್‌ವರೆಗೆ ಕಲ್ಲು ಬರಲು ಸುಮಾರು 3.8 ಸೆಕೆಂಡು ಹಿಡಿದರೆ, 0.1 ಸೆಕೆಂಡಿನ ವ್ಯತ್ಯಾಸಕ್ಕೆ ಆಚೆ ತುದಿಯಲ್ಲಿ ಒಂದೂವರೆ ಮೀಟರ್ ಹೆಚ್ಚುಕಮ್ಮಿ. ಆದರೆ ಕಲ್ಲು ಬಿಡುವಾಗ ಒಬ್ಬೊಬ್ಬರು ಕೈಯಿಂದ ಒಂದಿಷ್ಟು ತಳ್ಳುತ್ತಾರೆ, ಒಬ್ಬರದು ಶುದ್ಧ ಜಾರಿಕೆ. ಹಾಗಾಗಿ ಒಂದೇ ಸಮಯ ಇಬ್ಬರ ಕೈಯಲ್ಲಿ ಎರಡು ಅರ್ಥ ಕೊಡುತ್ತದೆ. ಇದನ್ನು ಕಲಿಯಲು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಸಾವಿರ ಸಲ ಓಡಬೇಕು.

ನಾಲ್ವರಲ್ಲಿ ಒಬ್ಬರನ್ನು ಬದಲಿಸಿದರೆ ಕಳೆದುಕೊಳ್ಳುವುದು ಈ ಸಾವಿರ ಸಲವನ್ನು.

1990ರಿಂದ ಮುಂದೆ

ಶ್ಮರ್ಲರ್ ಹುಟ್ಟಿದ್ದು 1963ರ ಜೂನ್ 11ರಂದು, ಸಸ್ಕಾಚೆವಾನ್ ಪ್ರಾಂತದ ಬಿಗರ್ ಎಂಬ ಸಣ್ಣ ಊರಿನಲ್ಲಿ. ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದಿ, ರೆಜೈನಾ ನಗರದ ಒಂದು ಈಜುಕೊಳ ಕೇಂದ್ರದಲ್ಲಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿದರು. ಆಟವೇ ಹೊಟ್ಟೆಪಾಡಾಗಿದ್ದವರಲ್ಲ. 1987ರಲ್ಲಿ ಪ್ರಾಂತದ ಪ್ರಶಸ್ತಿ ಗೆದ್ದಾಗ ತಂಡದ ಸ್ಕಿಪ್ ಕ್ಯಾಥಿ ಫಾಲ್ಮನ್. 1990ರಲ್ಲಿ ಶ್ಮರ್ಲರ್ ತಾವೇ ಸ್ಕಿಪ್ ಆಗಿ ತಂಡ ಕಟ್ಟಿದರು: ಥರ್ಡ್ ಜ್ಯಾನ್ ಬೆಟ್ಕರ್, ಸೆಕೆಂಡ್ ಜೋನ್ ಮೆಕಸ್ಕರ್, ಲೀಡ್ ಮಾರ್ಷಾ ಗುಡೆರೈಟ್.

ಈ ನಾಲ್ವರು 1993ರಲ್ಲಿ ಕೆನಡಾ ಚಾಂಪಿಯನ್ನರಾದರು, ಅದೇ ವರ್ಷ ಜಿನೀವಾದಲ್ಲಿ ವಿಶ್ವ ಚಾಂಪಿಯನ್ನರೂ ಆದರು. 1994ರಲ್ಲಿ ಎರಡೂ ಪ್ರಶಸ್ತಿ ಮತ್ತೆ ಬಂದವು. 1995, 1996 ಎರಡು ವರ್ಷ ರಾಷ್ಟ್ರೀಯ ಪ್ರಶಸ್ತಿ ಸಿಗಲಿಲ್ಲ. 1997ರಲ್ಲಿ ಕೆನಡಾ ಪ್ರಶಸ್ತಿಯೂ ಬರ್ನ್‌ನಲ್ಲಿ ವಿಶ್ವ ಪ್ರಶಸ್ತಿಯೂ ಮರಳಿ ಬಂದವು.

ಆ ಎರಡು ಖಾಲಿ ವರ್ಷಗಳೇ ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು. ನಮ್ಮ ಕಡೆ ಎರಡು ಸಲ ಗೆದ್ದ ತಂಡ ಎರಡು ವರ್ಷ ಸೋತರೆ ಮೊದಲು ನಡೆಯುವುದು ಬದಲಾವಣೆ. ‘ಲೀಡ್ ಬದಲಿಸಿ ನೋಡೋಣ’, ‘ಸ್ಕಿಪ್ ಇನ್ನೊಬ್ಬರಾಗಲಿ’ ಎಂಬ ಮಾತು ಆಯ್ಕೆಗಾರರಿಂದಷ್ಟೇ ಬರುವುದಿಲ್ಲ, ತಂಡದ ಒಳಗಿನಿಂದಲೂ ಬರುತ್ತದೆ. ರೆಜೈನಾದವರು ಒಬ್ಬರನ್ನೂ ಬದಲಿಸಲಿಲ್ಲ, ಸ್ಥಾನವನ್ನೂ ಅದಲುಬದಲು ಮಾಡಲಿಲ್ಲ. ಗುಡೆರೈಟ್ 1993ರಲ್ಲೂ ಲೀಡ್, 1998ರಲ್ಲೂ ಲೀಡ್. ಲೀಡ್ ಎಂದರೆ ಪತ್ರಿಕೆಯಲ್ಲಿ ಫೋಟೊ ಬರದ ಜಾಗ. ಎಂಡ್‌ನ ಮೊದಲ ಎರಡು ಕಲ್ಲು ಬಿಟ್ಟು ಉಳಿದ ಆರಕ್ಕೂ ಪೊರಕೆ ಹಿಡಿದು ಓಡುವ ಕೆಲಸ. ಅದರಲ್ಲೇ ಪಳಗುವುದನ್ನು ಕೆಳಗಿನ ಮೆಟ್ಟಿಲೆಂದು ಎಣಿಸದವರು ಇದ್ದರೆ ಮಾತ್ರ ಇಂಥ ತಂಡ ನಿಲ್ಲುತ್ತದೆ.

ಕಾಲವೂ ಜೊತೆಗೂಡಿತು. 1990ರ ದಶಕದಲ್ಲಿ ಗಾರ್ಡ್ ಕಲ್ಲುಗಳನ್ನು ರಕ್ಷಿಸುವ ನಿಯಮ ಬೇರೂರಿತು: ಎಂಡ್‌ನ ಮೊದಲ ಕೆಲವು ಕಲ್ಲುಗಳವರೆಗೆ, ಹಾಗ್ ಲೈನ್ ಮತ್ತು ಹೌಸ್ ನಡುವೆ ನಿಂತ ಎದುರಾಳಿಯ ಗಾರ್ಡನ್ನು ಹೊಡೆದು ಹೊರಹಾಕುವಂತಿಲ್ಲ. ಅದಕ್ಕೆ ಮೊದಲು ಮುಂದಿರುವ ತಂಡ ಬಂದ ಕಲ್ಲನ್ನೆಲ್ಲ ಹೊಡೆದು ಬಯಲು ಮಾಡಿ ಆಟವನ್ನು ಒಣಗಿಸಬಹುದಿತ್ತು. ನಿಯಮ ಬಂದ ಮೇಲೆ ಅಂಗಳದಲ್ಲಿ ಕಲ್ಲು ಹೆಚ್ಚು ಉಳಿಯತೊಡಗಿತು. ಸುತ್ತು ದಾರಿ, ತಾಗಿಸಿ ಹೊರಳಿಸುವ ಹೊಡೆತಗಳಿಗೆ ಬೆಲೆ ಬಂತು. ಒಬ್ಬರ ಮಾತು ಒಬ್ಬರಿಗೆ ತಿಳಿಯುವ ತಂಡಕ್ಕೆ ಇದು ಹೇಳಿ ಮಾಡಿಸಿದ ಕಾಲ.

ಬ್ರಾಂಡನ್‌ಗೆ ಬರುವಾಗ ಶ್ಮರ್ಲರ್ ಅವರ ಮಗಳು ಸಾರಾಗೆ ಎರಡೂವರೆ ತಿಂಗಳೂ ತುಂಬಿರಲಿಲ್ಲ. ಹೆರಿಗೆಯಾದದ್ದು ಅದೇ ಸೆಪ್ಟೆಂಬರ್‌ನಲ್ಲಿ. ಬಾಣಂತಿ ಆಡಿ ಗೆದ್ದಳು ಎಂದು ಬೆರಗುಪಟ್ಟು ಮುಂದೆ ಹೋಗುವುದಕ್ಕಿಂತ ಅದು ಹೇಗೆ ಸಾಧ್ಯವಾಯಿತು ಎಂದು ನೋಡಬೇಕು. ಸ್ಕಿಪ್ ಹೆಚ್ಚು ಹೊತ್ತು ಹೌಸ್‌ನಲ್ಲಿ ನಿಂತು ಪೊರಕೆ ಹಿಡಿಯುತ್ತಾರೆ, ದಾರಿಯುದ್ದ ಗುಡಿಸುವುದು ಅವರ ಪಾಲಿಗೆ ಬರುವುದಿಲ್ಲ. ಎದೆಬಡಿತ ಏರಿಸುವ, ಹೊಟ್ಟೆಯ ಸ್ನಾಯು ಹಿಂಡುವ ಕೆಲಸ ಲೀಡ್ ಮತ್ತು ಸೆಕೆಂಡ್‌ದು. ಕಲ್ಲು ಬಿಡುವಾಗ ಆಳಕ್ಕೆ ಬಾಗಿ ಒಂದು ಕಾಲಿನ ಮೇಲೆ ಜಾರುವುದು ಮಾತ್ರ ಸ್ಕಿಪ್‌ಗೂ ತಪ್ಪದು. ಹೆರಿಗೆಯ ಬಳಿಕ ಕಿಬ್ಬೊಟ್ಟೆ, ಸೊಂಟದ ಕೀಲು ಸಡಿಲವಿರುವಾಗ ವೈದ್ಯರ ಒಪ್ಪಿಗೆಯಿಲ್ಲದೆ ಆ ಭಂಗಿಗೆ ಇಳಿಯಬಾರದು. ಅಂದರೆ ಪಾತ್ರ ಹಂಚಿಕೆಯಲ್ಲೇ ತಾಯ್ತನಕ್ಕೆ ಸ್ವಲ್ಪ ಜಾಗ ಇತ್ತು. ಸ್ಕಿಪ್‌ನ ತೀರ್ಪು ಒಂಬತ್ತು ತಿಂಗಳಲ್ಲಿ ಮಂಕಾಗುವುದಿಲ್ಲ. ಗುಡಿಸುವ ಕಸುವು ಮರಳಲು ಹೊತ್ತು ಬೇಕು.

ನಾಗಾನೊ ಒಲಿಂಪಿಕ್ಸ್‌ನ ಕರ್ಲಿಂಗ್ ನಡೆದದ್ದು 1998ರ ಫೆಬ್ರವರಿಯಲ್ಲಿ, ಕರುಯಿಜಾವಾದಲ್ಲಿ. ಮಹಿಳಾ ಕರ್ಲಿಂಗ್‌ಗೆ ಪದಕ ಸಿಕ್ಕ ಮೊದಲ ಒಲಿಂಪಿಕ್ಸ್ ಅದು. ಲೀಗ್‌ನಲ್ಲಿ ಏಳರಲ್ಲಿ ಆರು ಗೆಲುವು. ಸೆಮಿಫೈನಲ್‌ನಲ್ಲಿ ಕರ್ಸ್ಟಿ ಹೇ ಅವರ ಬ್ರಿಟನ್ ತಂಡದೊಂದಿಗೆ ಸಮವಾಗಿ, ಹೆಚ್ಚುವರಿ ಎಂಡ್‌ನಲ್ಲಿ 6–5ರಿಂದ ಪಾರಾದರು. ಫೈನಲ್‌ನಲ್ಲಿ ಡೆನ್ಮಾರ್ಕ್ ಎದುರು 7–5, ಚಿನ್ನ. ಐದನೆಯವರಾಗಿ ಜೊತೆಗಿದ್ದ ಬದಲಿ ಆಟಗಾರ್ತಿ ಅಟೀನಾ ಫೋರ್ಡ್.

ಮರುವರ್ಷ, 1999ರಲ್ಲಿ ಎರಡನೇ ಮಗಳು ಜೆನ್ನಾ ಹುಟ್ಟಿದಳು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು. 2000ದ ಫೆಬ್ರವರಿಯಲ್ಲಿ ಕೆನಡಾದ ಜೂನಿಯರ್ ಚಾಂಪಿಯನ್‌ಷಿಪ್‌ಗೆ ಟಿವಿ ವೀಕ್ಷಕ ವಿವರಣೆಗಾರ್ತಿಯಾಗಿ ಮಾಂಕ್ಟನ್‌ಗೆ ಹೋಗಿ ಅಲ್ಲಿ ಪತ್ರಕರ್ತರ ಮುಂದೆ ಕಾಯಿಲೆಯ ಬಗ್ಗೆ ಮಾತಾಡಿದರು. ಮಾರ್ಚ್ 2ರಂದು ತೀರಿಕೊಂಡರು. ವಯಸ್ಸು 36.

ಮುಂಬಯಿಯಲ್ಲಿ ಮಂಜು

ನಮ್ಮ ಹುಡುಗಿಯರು ಕರ್ಲಿಂಗ್ ಆಡಬಹುದೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಹಣದ ಮಾತಿಗೆ ಮೊದಲು ಗಾಳಿಯ ಮಾತು. ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವರು ಜುಲೈ ತಿಂಗಳಲ್ಲಿ ಡೀಪ್ ಫ್ರೀಜರ್ ಬಾಗಿಲು ತೆಗೆದಾಗ ಬಿಳಿ ಹೊಗೆ ಉಕ್ಕುವುದನ್ನೂ ಒಳಗೋಡೆಗೆ ಬಿಳಿ ಹುಡಿ ಕಟ್ಟುವುದನ್ನೂ ನೋಡಿರುತ್ತಾರೆ. ಕರ್ಲಿಂಗ್ ಮಂಜಿನ ಶತ್ರು ಆ ಹುಡಿಯೇ.

ಮುಂಬಯಿ ಮಳೆಗಾಲದಲ್ಲಿ 28 ಡಿಗ್ರಿ ಬಿಸಿ, ಶೇ. 85 ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಕರ್ಲಿಂಗ್ ಸಭಾಂಗಣದ ಗಾಳಿ 8 ಡಿಗ್ರಿಯಲ್ಲಿ ಅರ್ಧದಷ್ಟು ತೇವ ಹಿಡಿದರೆ ಅದರಲ್ಲಿರುವುದು 4 ಗ್ರಾಂ. ಬಾಗಿಲು ತೆಗೆದಾಗ ಹತ್ತು ಘನ ಮೀಟರ್ ಹೊರಗಾಳಿ ನುಗ್ಗಿದರೆ ಒಂದು ಲೋಟ ನೀರು ಒಳಗೆ ಬಂದಂತೆ. ಅದು ಹೋಗಿ ಕೂರುವುದು ಅತಿ ತಣ್ಣಗಿನ ಜಾಗದಲ್ಲಿ, ಅಂದರೆ ಪೆಬಲ್ ನೆತ್ತಿಯ ಮೇಲೆ. ಹುಡಿ ಕಟ್ಟಿದ ಮಂಜಿನಲ್ಲಿ ಕಲ್ಲು ಎಳೆದಂತಾಗಿ ನಿಧಾನಿಸುತ್ತದೆ, ಒಂದು ದಾರಿಯಲ್ಲಿ ಒಂದು ಬಗೆ. ಗುಡಿಸುವವರು ಹುಡಿಯನ್ನು ತೆಗೆದ ಜಾಗ ಬೇರೆ, ಬಿಟ್ಟ ಜಾಗ ಬೇರೆ. ಅಂಥಲ್ಲಿ ಮೂರು ಸೆಂಟಿಮೀಟರ್ ನಿಖರತೆ ಕಲಿಯಲಾಗದು. ಆದ್ದರಿಂದ ಮುಂಬಯಿ, ಪಣಜಿಯಂಥ ಕರಾವಳಿ ಊರಿನಲ್ಲಿ ಮಂಜು ಹಾಕುವವರು ಕಂಪ್ರೆಸರ್‌ಗಿಂತ ಮೊದಲು ತೇವ ಹೀರುವ ಯಂತ್ರ, ಎರಡು ಬಾಗಿಲಿನ ಪ್ರವೇಶ, ಪ್ರೇಕ್ಷಕರ ಸಂಖ್ಯೆ ಇವುಗಳ ಲೆಕ್ಕ ಹಾಕಬೇಕು. ಜನರ ಉಸಿರೂ ನೀರೇ. ಪುಣೆಯ ಡಿಸೆಂಬರ್–ಜನವರಿ ಒಣ ಹವೆ ಇದಕ್ಕೆ ಎಷ್ಟೋ ವಾಸಿ.

ಒಂದು ಶೀಟ್‌ಗೆ 3.5 ಸೆಂಟಿಮೀಟರ್ ದಪ್ಪದ ಮಂಜು ಎಂದರೆ ಏಳು ಸಾವಿರ ಲೀಟರಿಗೂ ಹೆಚ್ಚು ನೀರು. ಟ್ಯಾಂಕರ್ ನೀರು ನಡೆಯದು, ಲವಣ ಇದ್ದರೆ ಮಂಜು ಮೆತ್ತಗಾಗಿ ಪೆಬಲ್ ಬೇಗ ಸವೆಯುತ್ತದೆ. ಕಲ್ಲೂ ಅಷ್ಟೇ. ಸ್ಪರ್ಧೆಯ ಕಲ್ಲುಗಳಿಗೆ ಹೆಸರಾದದ್ದು ಸ್ಕಾಟ್ಲೆಂಡಿನ ಆಯ್ಲ್ಸಾ ಕ್ರೇಗ್ ದ್ವೀಪದ ಸಣ್ಣ ಹರಳಿನ, ನೀರು ಹೀರದ ಗ್ರಾನೈಟ್. ಅಡುಗೆಕಟ್ಟೆಗೆ ಹಾಕುವ ದೊಡ್ಡ ಹರಳಿನ ಕಲ್ಲಿನಿಂದ ಕಡೆಸಿದರೆ ಹೀರಿದ ನೀರು ಹೆಪ್ಪುಗಟ್ಟಿ ಬಳೆಯ ಅಂಚು ಚೆಕ್ಕೆ ಏಳುತ್ತದೆ.

ಮಂಜು ಇಲ್ಲದೆಯೂ ಆಟದ ಬುದ್ಧಿ ಕಲಿಯುವ ದಾರಿಯಿದೆ. ಕಲ್ಲಿನ ಬದಲು ಸಣ್ಣ ಉರುಳೆಗಳ ಮೇಲೆ ಸಾಗುವ ಬಿಲ್ಲೆ ಬಳಸಿ ಒಳಾಂಗಣದ ಮರದ ನೆಲದಲ್ಲಿ ಆಡುವ ಫ್ಲೋರ್ ಕರ್ಲಿಂಗ್‌ನಲ್ಲಿ ಗುಡಿಸುವಿಕೆ ಬಿಟ್ಟು ಉಳಿದದ್ದೆಲ್ಲ ಬರುತ್ತದೆ: ಗಾರ್ಡ್ ಎಲ್ಲಿ ಹಾಕುವುದು, ಹ್ಯಾಮರ್ ಯಾವಾಗ ಉಳಿಸಿಕೊಳ್ಳುವುದು, ಅಂಕಿ ಕೂಗುವುದು. ಇನ್ನೊಂದು ದಾರಿ ಲಾನ್ ಬೋಲ್ಸ್, ಹುಲ್ಲಿನ ಮೇಲೆ ವಾಲುತ್ತ ಉರುಳುವ ಚೆಂಡಿನ ಆಟ. ಫೋರ್ಸ್ (ನಾಲ್ವರ ತಂಡದ) ವಿಭಾಗದಲ್ಲಿ ಇಲ್ಲೂ ಲೀಡ್, ಸೆಕೆಂಡ್, ಥರ್ಡ್, ಸ್ಕಿಪ್ ಎಂದೇ ಸ್ಥಾನ, ಒಬ್ಬೊಬ್ಬರಿಗೆ ಎರಡೇ ಚೆಂಡು. 2022ರ ಆಗಸ್ಟ್ 2ರಂದು ಬರ್ಮಿಂಗ್ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿ ಚಿನ್ನ ತಂದರು. ಪೊಲೀಸ್ ಇಲಾಖೆ, ಶಾಲೆ ಮುಂತಾದೆಡೆ ನಾಲ್ವರದೂ ನೌಕರಿ. ರೆಜೈನಾದ ಈಜುಕೊಳದ ಮೇಲ್ವಿಚಾರಕಿಗೆ ಇವರು ನೆರೆಹೊರೆಯವರಂತೆ.

ನಾಲ್ವರನ್ನು ಉಳಿಸಿಕೊಳ್ಳುವುದು

ಇಲ್ಲಿ ತಂಡ ಒಡೆಯುವ ಕಾರಣಗಳು ಹೆಚ್ಚಿಲ್ಲ, ಆದರೆ ಖಚಿತ. ರೈಲ್ವೆ, ಬ್ಯಾಂಕ್, ವಿಮೆಯಲ್ಲಿ ಕ್ರೀಡಾ ಕೋಟಾದ ಹುದ್ದೆ ಸಿಕ್ಕವರಿಗೆ ವರ್ಗಾವಣೆ. ಮದುವೆಯಾಗಿ ವಸಯಿಯಿಂದ ಹಡಪ್ಸರಕ್ಕೆ. ಹೆರಿಗೆ. ಇವೆಲ್ಲಕ್ಕಿಂತ ಸದ್ದಿಲ್ಲದೆ ಒಡೆಯುವುದು ಲೋಕಲ್ ರೈಲು: ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಕಚೇರಿ ಇರುವವರಿಗೆ ಬರಹೋಗುವುದರಲ್ಲೇ ಮೂರು ಗಂಟೆ ಹೋಗುತ್ತದೆ. ವಾರದಲ್ಲಿ ಐದು ಸಂಜೆ ಅಭ್ಯಾಸ ಎಂದು ಬರೆದ ತಂಡ ಎರಡನೇ ತಿಂಗಳಿಗೆ ಇಬ್ಬರಾಗಿರುತ್ತದೆ. ನಾಲ್ವರೂ ಸೇರುವ ದಿನ ವಾರಕ್ಕೆ ಎರಡೇ ಇರಲಿ, ಆದರೆ ಆ ದಿನ ನಾಲ್ವರೂ ಇರಲೇಬೇಕು. ಒಬ್ಬರೇ ಮಾಡಬಹುದಾದ ಅಭ್ಯಾಸ, ಅಂದರೆ ಸಮತೋಲನ, ಬಾಗುವಿಕೆ, ಭುಜದ ಕಸುವು, ಮನೆಯ ಟೈಲ್ಸ್ ಮೇಲೆ ಆಗಲಿ. ಒಟ್ಟಿಗಿರುವ ಹೊತ್ತನ್ನು ಅದಕ್ಕೆ ಸುರಿಯಬಾರದು. ಅದು ಕೂಗುವುದಕ್ಕೆ, ಕೇಳುವುದಕ್ಕೆ, ಒಬ್ಬರ ಕೈ ಒಬ್ಬರು ಓದುವುದಕ್ಕೆ.

ಐದನೆಯವರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಬೇಕು. ನಾಲ್ಕೂ ಸ್ಥಾನದಲ್ಲಿ ಆಡುವವರಾಗಿ, ಎಲ್ಲರ ಅಂಕಿಭಾಷೆ ಬಲ್ಲವರಾಗಿ. ಈಗಿನ ಕಾಯ್ದೆಯಂತೆ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಸಿಗುತ್ತದೆ. ಅಷ್ಟು ದಿನ ಒಬ್ಬರ ಜಾಗಕ್ಕೆ ಐದನೆಯವರು ಬರುವುದೂ, ಅವರು ಮರಳಿದ ದಿನ ಅದೇ ಸ್ಥಾನ ಅವರಿಗೇ ಎಂಬುದೂ ಬಾಯಿಮಾತಿನಲ್ಲಿರದೆ ಬರಹದಲ್ಲಿರಲಿ. ಬಾಯಿಮಾತಿನ ಭರವಸೆ ಮೊದಲ ಸೋಲಿಗೇ ಕರಗುತ್ತದೆ.

ಸೋತ ಸಂಜೆಯ ಕೆಲಸವೂ ಬರಹದ್ದೇ. ತಪ್ಪಿದ ಪ್ರತಿ ಹೊಡೆತಕ್ಕೂ ನಾಲ್ಕೇ ಕಾಲಂ: ಯೋಜನೆ, ವೇಗ, ಗೆರೆ, ಕೈ. ಪೊರಕೆ ಹಿಡಿದ ಜಾಗ ತಪ್ಪಿದ್ದರೆ ಕೈಗೆ ಅಂಕ ಕಳೆಯಬಾರದು. ಗುಡಿಸುವವರು ವೇಗ ತಪ್ಪಾಗಿ ಓದಿದ್ದರೆ ಯೋಜನೆಯನ್ನು ಬೈಯಬಾರದು. ಹತ್ತು ಆಟದ ಪುಟಗಳನ್ನು ಪಕ್ಕಪಕ್ಕ ಇಟ್ಟಾಗ ಯಾವ ಕಾಲಂ ತುಂಬುತ್ತಿದೆಯೆಂದು ಕಣ್ಣಿಗೇ ಕಾಣುತ್ತದೆ. ಹೆಚ್ಚಿನ ಸಲ ಅದು ‘ಕೈ’ ಆಗಿರುವುದಿಲ್ಲ. ಆ ಪುಸ್ತಕ ಲೀಡ್ ಬಳಿ ಇರಲಿ.